ಅಳಗರ್ ಮಾಮ ತಟ್ಟು ಮಾತ್ತಿದ್ದು

“ಪೊಣ್ಣಿಗೆ ಕೀರಲ್ ಅದೆ ಅಂದ್ರಲ್ಲಾ ಮಾಪ್ಪಿಳ್ಳೇ, ಎಲ್ಲಿ? ಮೊಗದಾಗಾ?” ಎಂದು ರಂಗಮ್ಮಾಳ್ ಕೇಳಿದಳು.

ಅಳಗರ್ ಮಾಮ ಆಗಷ್ಟೇ ಫೋನು ಮುಗಿಸಿ ಜೇಬಿಗೆ ಹಾಕುತ್ತಿದ್ದ. ಅತ್ತೆ ತನ್ನನ್ನು ಏನಾದರೂ ಕೇಳಿದಳೆಂದರೆ ಅವನಿಗೆ ಮೊದಲು ಹೆದರಿಕೆ, ಆಮೇಲೆ ಸಂತೋಷ. ಈ ಸಲ ನೇರವಾಗಿ ಸಂತೋಷವೇ ಬಂತು.

“ಮೊಗದಾಗಲ್ಲ ಅತ್ತೇ. ಮೊದಲ್ನೇ ಪಕ್ಕ, ನಡೂ ಮಧ್ಯೆ. ನೋಡಿದ್ರೆ ತಿಳೀದು, ಹಾಡ್ಸಿದ್ರೇ ತಿಳಿಯೋದು.”

“ಹಾಡ್ಸಿದ್ರೆ?”

“ಒಂದೇ ಮಾತು ಮೂರು ಸಲ ಬತ್ತದೆ. ಆಮೇಲೆ ಸರಿಹೋಗ್ತದೆ.”

“ಅಯ್ಯೋ ಪಾವಮೇ, ತೊದಲು! ಹುಟ್ಟಿದಾಗಿಂದ್ಲಾ?”

“ಇಲ್ಲೆ ಇಲ್ಲೆ. ಮೇಲೆ ಕೋಳಿ ಎಗರ್ತಲ್ಲಾ, ಆವತ್ತಿಂದ.”

“ಕೋಳಿಗೆ ಹೆದರಿದ್ರೆ ಕೂಸುಗಳ್ಗೆ ಅಂಗೇ ಆಗೋದು. ಬಣ್ಣ?”

“ಕಪ್ಪು. ಆದ್ರೆ ಏನು ಕಪ್ಪು ಅಂತೀರಿ! ಅದ್ರಾಗೆ ನಿಮ್ ಮೊಗ ನೋಡ್ಕೊಬೌದು.”

“ಮೈಕಟ್ಟು?”

“ಚೂರೂ ಬಾಗಿಲ್ವಂತೆ.”

“ಸರಿ. ತಟ್ಟು ಮಾತ್ತೋದು ಯಾವತ್ತು?”

“ಬರೋ ಶುಕ್ರವಾರ ಅತ್ತೇ, ಹನ್ನೊಂದು ಗಂಟೆಗೆ. ನಿಲಕ್ಕೋಟ್ಟೈನಾಗೆ. ನಮ್ ಜನವೇ, ಹೂವಿನ ಯಾಪಾರ.”

ರಂಗಮ್ಮಾಳ್ ಎರಡೂ ಕೈಯೆತ್ತಿ ಮುಗಿದು ಒಳಗೆ ಹೋದಳು. ನಾನು ಅಲ್ಲೇ ಜಗಲಿಯ ಮೇಲೆ ಮಜ್ಜಿಗೆ ಕುಡಿಯುತ್ತ ಕೂತಿದ್ದೆ. ನನ್ನ ವ್ಯಾನು ಆ ಮನೆಯ ದ್ರಾಕ್ಷಿ ಕ್ರೇಟುಗಳನ್ನು ವಾರಕ್ಕೆ ಮೂರು ಸಲ ಹೊರುತ್ತದೆ, ಹಾಗಾಗಿ ಮಜ್ಜಿಗೆಯಲ್ಲಿ ನನಗೆ ಪಾಲಿದೆ. ಎಪ್ಪತ್ತನಾಲ್ಕು ವರ್ಷದ ಹೆಂಗಸಿಗೆ ಇದ್ದಕ್ಕಿದ್ದಂತೆ ಹಳೆಯ ರೆಕಾರ್ಡಿನ ಮೇಲೆ ಇಷ್ಟು ಆಸಕ್ತಿ ಹುಟ್ಟಿತಲ್ಲ ಎಂದು ಮೆಚ್ಚಿಕೊಂಡೆ. ಮನುಷ್ಯನನ್ನು ಮೆಚ್ಚುವ ಮೊದಲು ಒಂದು ಪ್ರಶ್ನೆಯನ್ನಾದರೂ ಕೇಳಬೇಕು ಎಂಬ ಬುದ್ಧಿ ಆಗ ನನಗಿರಲಿಲ್ಲ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮದು ಕೊಂಬೈ, ತಮಿಳು ಸೀಮೆಯ ಕಣಿವೆಯೂರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಹೊಸ್ತಿಲ ಮೇಲೆ ನಿಂತಾಗ ಎರಡೂ. ಮಾಪ್ಪಿಳ್ಳೆ ಎಂದರೆ ಅಳಿಯನೂ ಹೌದು, ಮದುಮಗನೂ ಹೌದು. ತಟ್ಟು ಎಂದರೆ ನಮಗೆ ತಟ್ಟೆ. ಗ್ರಾಮಫೋನು ರೆಕಾರ್ಡಿಗೆ ತಮಿಳಿನಲ್ಲಿ ಇಸೈತಟ್ಟು, ಅಂದರೆ ಸಂಗೀತದ ತಟ್ಟೆ, ಎಂದು ಹೆಸರು. ಅಳಗರ್ ಮಾಮನಂಥ ಹುಚ್ಚರ ಬಾಯಲ್ಲಿ ಅದೂ ಬರೀ ತಟ್ಟು. ಇನ್ನು ಗಂಡಿನ ಮನೆಯವರೂ ಹೆಣ್ಣಿನ ಮನೆಯವರೂ ತೆಂಗಿನಕಾಯಿ, ವೀಳ್ಯ, ಸೀರೆ ಇಟ್ಟ ತಟ್ಟೆಗಳನ್ನು ಕೈಯಿಂದ ಕೈಗೆ ಬದಲಾಯಿಸಿಕೊಂಡರೆ ಮದುವೆ ನಿಶ್ಚಯವಾದಂತೆ. ಅದನ್ನು ತಟ್ಟು ಮಾತ್ತೋದು ಎನ್ನುತ್ತೇವೆ. ಕೊಟ್ಟ ತಟ್ಟನ್ನು ಆ ಬ್ರಹ್ಮ ಬಂದರೂ ಹಿಂದಕ್ಕೆ ಕೇಳುವಂತಿಲ್ಲ.

ಈಗ ಆ ಕೀರಲಿನ ಕಥೆ. ಕೀರಲ್ ಎಂದರೆ ಗೀರು. ಮಾಮನ ಅಪ್ಪ ಜೆಯರಾಜ್ ಕೊಂಬೈಯಲ್ಲಿ ಸೌಂಡ್ ಸರ್ವೀಸ್ ಇಟ್ಟಿದ್ದರು. ಮದುವೆ, ಕಿವಿ ಚುಚ್ಚುವುದು, ಮೈ ನೆರೆದ ಹೆಣ್ಣಿನ ಆರತಿ, ಏನೇ ಇದ್ದರೂ ತೆಂಗಿನ ಮರಕ್ಕೆ ಎರಡು ಹಾರ್ನು ಕಟ್ಟಿ ಸಿನಿಮಾ ಹಾಡಿನ ತಟ್ಟು ಹಾಕುತ್ತಿದ್ದರು. ಗಾಳಿ ಅನುಕೂಲವಾಗಿದ್ದರೆ ಒಂದು ಮದುವೆಯ ಹಾಡನ್ನು ಮೂರೂರಿನವರು ಪುಕ್ಕಟೆ ಕೇಳುತ್ತಿದ್ದರು. ಅವುಗಳಲ್ಲಿ ಅಂಗೈಗಿಂತ ತುಸು ದೊಡ್ಡದಾದ ಒಂದು ತಟ್ಟು ಇತ್ತು. ಅದರ ಹಾಡಿನಲ್ಲಿ ನಾಯಕ ನಾಯಕಿಯನ್ನು ‘ಪೊನ್ನು’ ಎಂದು, ಅಂದರೆ ಚಿನ್ನ ಎಂದು, ಕರೆಯುತ್ತಾನೆ. ಒಂದು ಮದುವೆಯಲ್ಲಿ ಬಿರಿಯಾನಿಗೆಂದು ತಂದ ಕೋಳಿ ಕೈ ತಪ್ಪಿಸಿಕೊಂಡು ಹಾರಿ, ತಿರುಗುತ್ತಿದ್ದ ಆ ತಟ್ಟಿನ ಮೇಲೆ ಇಳಿಯಿತು. ಎರಡು ಸುತ್ತು ತಿರುಗಿತು ಕೂಡ. ಅದರ ಉಗುರು ಬಿದ್ದ ಜಾಗದಲ್ಲಿ ಅಂದಿನಿಂದ ನಾಯಕ “ಪೊನ್ನು, ಪೊನ್ನು, ಪೊನ್ನು” ಎಂದು ಮೂರು ಸಲ ಕೂಗಿಯೇ ಮುಂದಕ್ಕೆ ಹೋಗತೊಡಗಿದ.

ಕೊಂಬೈಯ ಒಂದು ತಲೆಮಾರು ಆ ಹಾಡನ್ನು ಕಲಿತದ್ದೇ ಹಾಗೆ. ನಾಟಿಗೆ ಹೋಗುವ ಹೆಂಗಸರೂ ಮೂರು ಪೊನ್ನು, ತೊಟ್ಟಿಲು ತೂಗುವವರೂ ಮೂರು ಪೊನ್ನು. ಶಾಲೆಯ ಹಾಡಿನ ಪಂದ್ಯದಲ್ಲಿ ನಮ್ಮ ಮುತ್ತುಸೆಲ್ವಿ ಅಕ್ಕ ಮೂರು ಪೊನ್ನು ಹಾಡಿ ಬಹುಮಾನ ಕಳೆದುಕೊಂಡಾಗ ಊರೇ ಎದ್ದು ನಿಂತಿತು. ಮಧುರೆಯಿಂದ ಬಂದ ತೀರ್ಪುಗಾರ “ಒಂದೇ ಪೊನ್ನು” ಎಂದ. “ನಿಮ್ ಹತ್ರ ಇರೋದು ಕೆಟ್ಟ ತಟ್ಟು ಸಾರ್, ಎರಡು ಪೊನ್ನು ತಿಂದಾಕಿದೆ” ಎಂದರು ನಮ್ಮವರು.

ಕ್ಯಾಸೆಟ್ಟು ಬಂದ ಮೇಲೆ ತಟ್ಟುಗಳ ಪೆಟ್ಟಿಗೆ ಮೂಲೆ ಸೇರಿತು. ಒಂದು ದಿನ ಪಾತ್ರೆ ಮಾರುವವನಿಗೆ ಅದನ್ನು ಕೊಟ್ಟು ಮನೆಯವರು ಒಂದು ಸ್ಟೀಲು ಕೊಡ ತೆಗೆದುಕೊಂಡರು. ಅಳಗರ್ ಮಾಮ ಆಗ ಕಾಲೇಜಿನಲ್ಲಿದ್ದ. ಬಂದು ನೋಡಿದಾಗ ಹಾಡು ಇದ್ದ ಮೂಲೆಯಲ್ಲಿ ಕೊಡವಿತ್ತು. ಅಂದಿನಿಂದ ಇವತ್ತಿನವರೆಗೆ ಆ ಕೊಡದ ನೀರು ಅವನು ಕುಡಿದಿಲ್ಲ. ಸಂತೆ, ಗುಜರಿ, ಮುಚ್ಚಿದ ಟಾಕೀಸು, ಸತ್ತವರ ಮನೆಯ ಅಟ್ಟ, ಎಲ್ಲಿ ಹೋದರೂ ತಟ್ಟು ಹುಡುಕುವುದೇ ಕೆಲಸ. ಸಿಕ್ಕಿದ್ದನ್ನು ಅಂಟುವಾಳದ ನೊರೆಯಲ್ಲಿ ತೊಳೆದು, ಮಲ್ ಪಂಚೆಯಲ್ಲಿ ಸುತ್ತುಸುತ್ತಾಗಿ ಒರೆಸಿ, ಕವರಿನ ಹರಿದ ಅಂಚಿಗೆ ಗಂಜಿ ಹಚ್ಚಿ ನಿಲ್ಲಿಸಿಡುವನು. ಒಂದು ತಟ್ಟನ್ನು ಬೆಳಕಿಗೆ ಹಿಡಿದು ಅದರ ಗೆರೆ ನೋಡಿ “ಇಲ್ಲಿ ಪಿಟೀಲು ಜಾಸ್ತಿ” ಎಂದು ಹೇಳಬಲ್ಲ. ಆಮೇಲೆ ಹಾಕಿದರೆ ಅಲ್ಲಿ ಪಿಟೀಲು ಜಾಸ್ತಿಯೇ ಇರುತ್ತದೆ! ಇಡೀ ಕಣಿವೆಯಲ್ಲಿ ಈ ವಿದ್ಯೆ ಬಲ್ಲವರು ಇನ್ನೊಬ್ಬರಿಲ್ಲ. ಬೇಕಾದವರೂ ಇಲ್ಲ ಎಂದು ಅವನ ಹೆಂಡತಿ ಪಾಂಡೀಶ್ವರಿ ಸೇರಿಸುತ್ತಾಳೆ.

ಆದರೆ ಅಪ್ಪನ ಆ ತಟ್ಟು, ಹಸಿರು ಬಣ್ಣದಲ್ಲಿ ‘ಜೆ’ ಎಂದು ಬರೆದದ್ದು, ಕೋಳಿ ಉಗುರಿನದ್ದು, ಸಿಕ್ಕಿರಲಿಲ್ಲ. ಅದೀಗ ನಿಲಕ್ಕೋಟ್ಟೈಯ ವಿಘ್ನೇಶ್ವರನ್ ಎಂಬುವರ ಬಳಿ ಇದೆ ಎಂದು ಗೊತ್ತಾಗಿತ್ತು. ಅವರು ಹಣಕ್ಕೆ ಕೊಡುವವರಲ್ಲ. ತಟ್ಟಿಗೆ ತಟ್ಟು, ಅದೇ ಅವರ ವ್ರತ. ಮಾಮ ಇಪ್ಪತ್ತೊಂದು ಅಪರೂಪದ ತಟ್ಟು ಕೊಡಲು ಒಪ್ಪಿದ್ದ. ಶುಕ್ರವಾರ ತಪ್ಪಿದರೆ ಶನಿವಾರ ಕೋವೈ ಪಟ್ಟಣದ ಒಬ್ಬ ಹೋಟೆಲಿನವನು ಬರುತ್ತಾನೆ. ಅವನಿಗೆ ಹಾಡು ಬೇಡ. ಕಾಫಿ ಕುಡಿಯುವವರ ತಲೆಯ ಮೇಲೆ ಗೋಡೆಗೆ ಮೊಳೆ ಹೊಡೆದು ತೂಗುಹಾಕಲು ಕಪ್ಪಗೆ ದುಂಡಗೆ ಏನಾದರೂ ಬೇಕು. ಈ ಮೊಳೆಯನ್ನು ನೆನೆದು ಮಾಮ ಎರಡು ದಿನ ಸರಿಯಾಗಿ ಉಂಡಿರಲಿಲ್ಲ.

ಅತ್ತ ರಂಗಮ್ಮಾಳ್‌ಗೆ ತಿಳಿದದ್ದೇ ಬೇರೆ. ಆಕೆಯ ಊರು ವೇದಸಂದೂರು, ಕೊಂಬೈಯ ಕೋಳಿಪುರಾಣ ಆಕೆಗೆ ಗೊತ್ತಿಲ್ಲ. ‘ಪೊನ್ನು’ ಎಂದರೆ ಚಿನ್ನ, ‘ಪೊಣ್ಣು’ ಎಂದರೆ ಹುಡುಗಿ. ನಡುವೆ ಇರುವುದು ಒಂದು ಅಕ್ಷರ, ಅದೂ ಎಪ್ಪತ್ತನಾಲ್ಕು ವರ್ಷದ ಕಿವಿಯಲ್ಲಿ. ಮೊಮ್ಮಗ, ಮಾಮನ ಮಗ ಮನೋಜ್‌ಕುಮಾರ್ ವೇದಸಂದೂರಿನಲ್ಲಿ ದನದ ಡಾಕ್ಟರು, ಮೂವತ್ತೊಂದು ದಾಟಿದೆ. ಹೆಣ್ಣು ನೋಡಲು ಹೋದ ಮನೆಯಲ್ಲೆಲ್ಲ ಹೆಣ್ಣನ್ನು ಬಿಟ್ಟು ಹಟ್ಟಿಯ ಎಮ್ಮೆಯನ್ನು ನೋಡಿ, ಅದಕ್ಕೆ ಔಷಧಿ ಬರೆದುಕೊಟ್ಟು ಬಂದವನು. ಈಗ ಯಾವುದಕ್ಕೂ ಬಾಯಿ ಬಿಡದ ಅಳಿಯ ತಾನೇ ಮುಂದೆ ನಿಂತು ಸಂಬಂಧ ಕುದುರಿಸಿದ್ದಾನೆ!

“ತೊದಲಾದ್ರೆ ಏನು ತಾಯೀ, ಇವ್ನು ಮಾತಾಡೋದು ಹಸೂ ಜೊತೆ,” ಎಂದು ಆಕೆ ಮಗಳಿಗೆ ಹೇಳಿದಳು. ಪಾಂಡೀಶ್ವರಿಯ ಕಣ್ಣಲ್ಲಿ ನೀರು. ಗಂಡನ ಬಳಿ ಬಂದು, “ಎನ್ನಂಗ, ನೀವೇ ಎಲ್ಲಾ ಮಾತಾಡಿದ್ರಂತೆ?” ಎಂದಳು.

“ಮಾತಾಡ್ದೆ,” ಎಂದ ಮಾಮ.

“ನಾವೂ ಬರ್ಬೌದಾ?”

ಮೂವತ್ತೆರಡು ವರ್ಷದ ಸಂಸಾರದಲ್ಲಿ ಆಕೆ ತಟ್ಟು ನೋಡಲು ಬರುತ್ತೇನೆಂದದ್ದು ಇದೇ ಮೊದಲು. ಮಾಮ ಎರಡೂ ಕೈ ಚಾಚಿ, “ಎಲ್ಲಾರೂ ಬನ್ನಿ!” ಎಂದ.

ಶುಕ್ರವಾರ ಬೆಳಗ್ಗೆ ನನ್ನ ವ್ಯಾನಿಗೆ ಮಲ್ಲಿಗೆ ಸರ ಕಟ್ಟಿದರು. ರಂಗಮ್ಮಾಳ್ ಹಸಿರು ರೇಷ್ಮೆಯಲ್ಲಿ, ಪಾಂಡೀಶ್ವರಿ ಮದುವೆಯ ಸೀರೆಯಲ್ಲಿ, ಮಾಮ ಬಿಳಿ ಪಂಚೆಯಲ್ಲಿ ಹತ್ತಿದರು. “ಇಷ್ಟು ಮರ್ಯಾದೆ ಒಂದು ತಟ್ಟಿಗೆ! ನಮ್ಮಪ್ಪ ಇರ್ಬೇಕಾಗಿತ್ತು ಕಣ್ಣಾ,” ಎಂದು ಅವನು ನನ್ನ ಕಿವಿಯಲ್ಲಿ ಹೇಳಿದ.

ವತ್ತಲಗುಂಡು ಇನ್ನೂ ಎರಡು ಮೈಲಿ ಇರುವಾಗ ಚುನಾವಣೆಯ ತಪಾಸಣೆಯವರು ಕೈ ಅಡ್ಡ ಮಾಡಿದರು. ಕನ್ನಡಕದ ಒಬ್ಬ ಅಧಿಕಾರಿ, ಜೊತೆಗೆ ಕಾಳಿಮುತ್ತು ಎಂಬ ಹಿರಿಯ ಪೇದೆ. ಹಿಂಬಾಗಿಲು ತೆರೆಸಿದರು. ಒಂಬತ್ತು ಹಿತ್ತಾಳೆ ತಟ್ಟೆ, ಹಣ್ಣು, ಕಾಯಿ, ಅರಿಶಿನ, ಎರಡು ರೇಷ್ಮೆ ಸೀರೆ.

“ಯಾರಿಗೆ ಹಂಚೋಕೆ ಹೊರಟಿದ್ದೀರಿ?” ಎಂದು ಅಧಿಕಾರಿ ತಮಿಳಿನಲ್ಲಿ ಕೇಳಿದ.

“ಹಂಚೋಕಾ? ತಟ್ಟು ಮಾತ್ತೋಕೆ ಹೋಗ್ತಿದೀವಿ ಅಯ್ಯಾ!” ಎಂದಳು ರಂಗಮ್ಮಾಳ್.

“ಅದಕ್ಕೆ ರೆಕಾರ್ಡ್ ಏನಾದ್ರೂ ಇದೆಯಾ?”

ಮುಂದೆ ಕೂತಿದ್ದ ಅಳಗರ್ ಮಾಮನ ಮುಖ ಅರಳಿತು. ಸರ್ಕಾರಿ ಅಧಿಕಾರಿಯೊಬ್ಬ ಜೀವಮಾನದಲ್ಲಿ ಮೊದಲ ಸಲ ಕೇಳಬೇಕಾದ್ದನ್ನು ಕೇಳಿದ್ದ.

“ಇಪ್ಪತ್ತೊಂದಿದೆ ಸಾರ್! ಎಲ್ಲಾ ಒರಿಜಿನಲ್! ಒಂದೂ ಡೂಪ್ಲಿಕೇಟ್ ಇಲ್ಲ!” ಎಂದು ಇಳಿದು ಹಿಂದಕ್ಕೆ ಓಡಿ ತಟ್ಟೆಗಳನ್ನು ಸರಿಸಿದ. ಬಾಳೆಹಣ್ಣು ಎತ್ತಿದ. ಸೀರೆ ಎತ್ತಿದ. “ನನ್ ರೆಕಾರ್ಡ್ ಎಲ್ಲಿ?”

“ನಿನ್ನ ರೆಕಾರ್ಡನ್ನ ನನ್ನ ಕೇಳ್ತೀಯಾ?” ಎಂದ ಅಧಿಕಾರಿ.

“ಆ ಕಪ್ಪು ಪೆಟ್ಟಿಗೆಯಾ ಮಾಪ್ಪಿಳ್ಳೇ?” ಎಂದಳು ರಂಗಮ್ಮಾಳ್ ತಣ್ಣಗೆ. “ನಾನೇ ಇಳ್ಸಿಟ್ಟೆ. ಒಳ್ಳೇ ಕಾರಿಯಕ್ಕೆ ಹೋಗೋವಾಗ ಯಾರಾರಾ ಕಪ್ಪು ಸಾಮಾನು ತಕ್ಕೊಂಡೋಗ್ತಾರಾ?”

“ತಟ್ಟು ಇಲ್ದೆ ತಟ್ಟು ಹೆಂಗತ್ತೇ ಮಾತ್ತೋದು?”

“ಒಂಬತ್ತು ಅದೆಯಲ್ಲಾ, ಕಣ್ ಕಾಣ್ದಾ?”

ಮಾಮ ರಸ್ತೆಯ ಮೇಲೆ ಕುಕ್ಕರಿಸಿ ಕೂತ. ಅವನಿಗೆ ಎದುರಿದ್ದ ಪೊಲೀಸು ಕಾಣಲಿಲ್ಲ, ಕೋವೈಯ ಮೊಳೆ ಕಂಡಿತು. ಅಧಿಕಾರಿಯ ಸಂಶಯ ದಪ್ಪವಾಯಿತು. “ಒರಿಜಿನಲ್ ಅಂತಾನೆ, ಇಪ್ಪತ್ತೊಂದು ಅಂತಾನೆ, ಈಗ ಇಲ್ಲ ಅಂತಾನೆ. ವ್ಯಾನನ್ನ ಆಫೀಸಿಗೆ ತಗೊಳ್ಳಿ,” ಎಂದ.

“ಸಾರ್, ಅದು ಹಾಡಿನ ರೆಕಾರ್ಡು,” ಎಂದು ನಾನು ನಡುವೆ ಬಾಯಿ ಹಾಕಿದೆ. “ಇವ್ರು ಕೊಂಬೈ ಜೆಯರಾಜ್ ಸೌಂಡ್ ಸರ್ವೀಸ್ ಮಗ.”

ಪೇದೆ ಕಾಳಿಮುತ್ತು ತಲೆ ಎತ್ತಿದ. “ಪೊನ್ನು ಪೊನ್ನು ಪೊನ್ನು?” ಎಂದ.

“ಅದೇ!” ಎಂದ ಮಾಮ ಕೂತಲ್ಲಿಂದಲೇ.

“ಸಾರ್, ನನ್ ಮದುವೇಲಿ ಮೂರು ದಿನ ಇವ್ರಪ್ಪಾನೇ ಸೆಟ್ ಹಾಕಿದ್ದು. ಎರಡು ಕಿಲೋಮೀಟರಿಗೆ ಕೇಳ್ತಿತ್ತು. ನನ್ ಹೆಂಡ್ತಿ ಇವತ್ತಿಗೂ ನನ್ನ ಮೂರು ಸಲ ಕರೀತಾಳೆ ಅಂದ್ರೆ ಆ ತಟ್ಟಿಂದ್ಲೇ!” ಎಂದು ಪೇದೆ ಆ ಸಾಲನ್ನು ನಡುರಸ್ತೆಯಲ್ಲಿ ಹಾಡಿಯೇ ತೋರಿಸಿದ. ಹಿಂದೆ ನಿಂತ ತರಕಾರಿ ಲಾರಿಯವನು ದನಿ ಸೇರಿಸಿದ. ಅಧಿಕಾರಿ ತಟ್ಟೆಗಳ ಫೋಟೋ ತೆಗೆದುಕೊಂಡು, ನನ್ನ ಫೋನ್ ನಂಬರ್ ಬರೆದುಕೊಂಡು, ಕಿವಿ ಮುಚ್ಚಿಕೊಂಡು ನಮ್ಮನ್ನು ಬಿಟ್ಟ. ಕೊಂಬೈಗೆ ವಾಪಸು ಹೋಗಿ ಬರುವಷ್ಟು ಹೊತ್ತಿರಲಿಲ್ಲ.

ವಿಘ್ನೇಶ್ವರನ್ ಮನೆಯ ಮುಂದೆ ಮನೋಜ್‌ಕುಮಾರ್ ಹೊಸ ಪಂಚೆಯಲ್ಲಿ ಬೈಕಿಗೆ ಒರಗಿ ನಿಂತಿದ್ದ. ಅಜ್ಜಿ ಫೋನಿನಲ್ಲಿ ಬಾ ಎಂದಿದ್ದಳು, ಬಂದಿದ್ದ. ಮೈಯಲ್ಲಿ ಸೆಂಟಿನ ಜೊತೆ ಹಸುವಿನ ಮುಲಾಮೂ ಘಮಘಮಿಸುತ್ತಿತ್ತು.

ವಿಘ್ನೇಶ್ವರನ್‌ಗೆ ಅರವತ್ತೊಂದು, ಮದುವೆಯಾದವರಲ್ಲ. ಬನಿಯನ್ನು, ಹೆಗಲ ಮೇಲೆ ಮಲ್ ಬಟ್ಟೆ, ಮೊಣಕೈವರೆಗೆ ಅಂಟುವಾಳದ ನೊರೆ. ಹಿಂದಿನ ಕೋಣೆಯಲ್ಲಿ ನೆಲದಿಂದ ಸೂರಿನವರೆಗೆ ಗೋಡೆಯೇ ಇಲ್ಲ, ಬರೀ ತಟ್ಟುಗಳು. ದೇವಸ್ಥಾನದ ಒಳಗೆ ಬಂದಂತೆ ಮಾಮ ಚಪ್ಪಲಿ ಬಿಟ್ಟ.

“ವಾಂಗ ವಾಂಗ. ತಟ್ಟು ತಂದ್ರಾ?”

“ತಂದಿವಿ, ಒಂಬತ್ತು,” ಎಂದಳು ರಂಗಮ್ಮಾಳ್.

“ಇಪ್ಪತ್ತೊಂದು ಅಂದಿದ್ರಲ್ಲ?”

ರಂಗಮ್ಮಾಳ್ ಅಳಿಯನ ಕಡೆ ತಿರುಗಿ, “ಇಪ್ಪತ್ತೊಂದು ತಟ್ಟು ಒಪ್ಕೊಂಡಿದ್ರಾ? ಇವ್ರೇನು ಪಾಳೇಗಾರ್ರಾ?” ಎಂದು ಹಲ್ಲು ಕಡಿದಳು.

ಆಗ ಒಳಗಿನಿಂದ ವಿಘ್ನೇಶ್ವರನ್ ಅವರ ತಾಯಿ ಕಣ್ಣಮ್ಮಾಳ್ ಗೋಡೆ ಹಿಡಿದು ಬಂದರು. ಎಂಬತ್ತಾರು ವರ್ಷ. ಹೊಸ್ತಿಲಾಚೆ ಸಾಲಾಗಿ ಒಂಬತ್ತು ತಟ್ಟೆ, ರೇಷ್ಮೆ ಸೀರೆ, ಹೂವು. ಮುದುಕಿ ಗೋಡೆ ಬಿಟ್ಟರು.

“ಬಂದ್ರಾ! ನಲವತ್ತು ವರುಷ ಆಯ್ತು ತಾಯೀ ಈ ಬಾಗಲ್ನಾಗೆ ತಟ್ಟು ಕಂಡು! ಬನ್ನಿ, ಬನ್ನಿ!”

ಇಂಥ ಸ್ವಾಗತ ರಂಗಮ್ಮಾಳ್ ಯಾವ ಬೀಗರ ಮನೆಯಲ್ಲೂ ಕಂಡಿರಲಿಲ್ಲ. ಆ ಉತ್ಸಾಹದಲ್ಲಿ ಮೊದಲ ತಟ್ಟೆಯನ್ನು ಎತ್ತಿ ಮುದುಕಿಯ ಕೈಗೆ ಕೊಟ್ಟೇಬಿಟ್ಟಳು. ಮುದುಕಿ ಕಣ್ಣಿಗೊತ್ತಿಕೊಂಡು ತೆಗೆದುಕೊಂಡೇಬಿಟ್ಟರು. ಆಮೇಲೆ ಇಬ್ಬರೂ ಒಟ್ಟಿಗೆ ಕೇಳಿದರು:

“ಪೊಣ್ಣು ಎಲ್ಲಿ?”

ಬೀದಿಯಲ್ಲಿ ಹೂ ಹರಾಜಿಗೆ ನಿಂತಿದ್ದ ಹೆಂಗಸರೂ ಇತ್ತ ತಿರುಗಿದರು.

“ಪೊಣ್ಣು ನಿಮ್ ಮನೇದಲ್ವಾ?” ಎಂದಳು ರಂಗಮ್ಮಾಳ್.

“ನಮ್ ಮನೇಲಿ ಎಲ್ಲಿಂದ ಪೊಣ್ಣು? ಇರೋದು ಮಾಪ್ಪಿಳ್ಳೆ!” ಎಂದು ಕಣ್ಣಮ್ಮಾಳ್ ಮನೋಜನನ್ನು ನೋಡಿ, “ಈ ತಂಬಿ ಪೊಣ್ಣಿನ ಅಣ್ಣನಾ?” ಎಂದರು.

“ಅವ್ನೇ ನಮ್ ಮಾಪ್ಪಿಳ್ಳೆ!”

“ಹಂಗಾದ್ರೆ ನನ್ ಮಗ ಯಾರು?”

ಎಲ್ಲರೂ ವಿಘ್ನೇಶ್ವರನ್ ಕಡೆ ನೋಡಿದರು. ಅವರು ನೊರೆಯ ಕೈಗಳನ್ನು ಬೆನ್ನ ಹಿಂದೆ ಅಡಗಿಸಿ, ಅರವತ್ತೊಂದನೆಯ ವಯಸ್ಸಿನಲ್ಲಿ ಮದುಮಗನಂತೆಯೇ ನಾಚಿದರು.

ಕಷ್ಟದ ಹೆರಿಗೆಗಳನ್ನು ಕಂಡ ಮನೋಜನೇ ಇಲ್ಲಿ ಕೈ ಹಾಕಬೇಕಾಯಿತು. “ಅಪ್ಪಾ, ಫೋನ್‌ನಲ್ಲಿ ನೀ ಕೇಳಿದ್ದು ಎನ್ನಪ್ಪಾ? ಕರೆಕ್ಟಾ ಸೊಲ್ಲು.”

“ಪೊನ್ನು ತಟ್ಟು ಡಾ. ನಿನ್ ತಾತನ ತಟ್ಟು. ನಿನ್ ಅಜ್ಜಿ ನನ್ ಪೆಟ್ಟಿಗೆ ಇಳ್ಸಿ ಹಲಸಿನಹಣ್ಣು ಹತ್ತಿಸ್ಬಿಟ್ಳು ಡಾ!” ಎಂದು ಮಾಮ ಅತ್ತೇಬಿಟ್ಟ.

ಪಾಂಡೀಶ್ವರಿ ಕೈಲಿದ್ದ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು. ರಂಗಮ್ಮಾಳ್ ಪಕ್ಕದ ಮಣೆಯ ಮೇಲೆ ಕೂತಳು. ಸೋಲೊಪ್ಪುವ ವಂಶ ಅದಲ್ಲ. “ಅಕ್ಷರ ನೆಟ್ಟಗೆ ಹೇಳ್ಬೇಕಾಗಿತ್ತು,” ಎಂದಳು.

“ಪೆಟ್ಟಿಗೆ ತರ್ಲಿಲ್ವಾ?” ಎಂದರು ವಿಘ್ನೇಶ್ವರನ್. “ತಪ್ಪು ತಿಳೀಬ್ಯಾಡಿ ಅಳಗರ್. ತಟ್ಟಿಗೆ ತಟ್ಟು. ಇವತ್ತಿನವರ್ಗೂ ಆ ಮಾತು ನಾನು ಮುರ್ದಿಲ್ಲ. ಕೋವೈಕಾರ್ರಿಗೆ ನಾಳೆ ಅಂತ ಹೇಳ್ಬಿಟ್ಟೀನಿ, ಅವ್ರೂ ತಟ್ಟು ತತ್ತಾರೆ.”

“ಒಂದ್ಸಲ ಕೇಳ್ಕೊಂಡು ಹೋಗ್ಲಾ?” ಎಂದ ಮಾಮ.

ಅವರು ಇಲ್ಲ ಎನ್ನಲಿಲ್ಲ. ತಟ್ಟು ಹೊರಬಂತು. ನಡುವೆ ಹಸಿರು ‘ಜೆ’. ಮೇಜಿನ ಮೇಲಿನ ಗ್ರಾಮಫೋನಿನಲ್ಲಿ ಮುಳ್ಳು ಇಳಿಯಿತು. ಮೊದಲು ಎಣ್ಣೆಯಲ್ಲಿ ಸಾಸಿವೆ ಸಿಡಿದಂಥ ಸದ್ದು, ಆಮೇಲೆ ಪಿಟೀಲು, ಆಮೇಲೆ ಆ ದನಿ. ಪೊನ್ನು, ಪೊನ್ನು... ವಿಘ್ನೇಶ್ವರನ್ ಮುಳ್ಳನ್ನು ಎತ್ತಿ ದಾಟಿಸಲು ಕೈ ಚಾಚಿದರು. ಅಷ್ಟರಲ್ಲಿ ಅಳಗರ್ ಮಾಮ ತೋರುಬೆರಳಿನ ಗೆಣ್ಣಿನಿಂದ ಮೇಜಿನ ಬಲ ಮೂಲೆಗೆ ಒಂದು ಸಣ್ಣ ಏಟು ಕೊಟ್ಟ. ಪೊನ್ನು! ಎಂದು ಮೂರನೆಯದು ಬಂದು, ಹಾಡು ನೀರಿನ ಹಾಗೆ ಮುಂದೆ ಹರಿಯಿತು.

ವಿಘ್ನೇಶ್ವರನ್ ಬಾಯಿ ತೆರೆದು ನಿಂತರು. “ಆರು ವರುಷದಿಂದ ಕೈಲಿ ಎತ್ತಿ ದಾಟಿಸ್ತಾ ಇದೀನಿ. ಇದು... ಇದು ಹಿಂಗಾ?”

“ನಮ್ಮಪ್ಪ ಹಂಗೇ ಹೊಡೀತಿದ್ರು. ಎಡ ಮೂಲೆಗೆ ಹೊಡುದ್ರೆ ಹಿಂದಕ್ಕೆ ಹೋಗ್ತದೆ,” ಎಂದ ಮಾಮ. ಅವನ ಕಣ್ಣು ಆ ತಿರುಗುವ ಕಪ್ಪಿನ ಮೇಲೇ ಇತ್ತು. ಹಾಡು ಮುಗಿಯುವವರೆಗೆ ಪಾಂಡೀಶ್ವರಿ ಗಂಡನನ್ನು ನೋಡುತ್ತ ನಿಂತಿದ್ದಳು. ದೊಡ್ಡ ವಿದ್ವಾಂಸನೊಬ್ಬ ತನ್ನ ಮನೆಯಲ್ಲಿ ಇಷ್ಟು ದಿನ ಬಾಡಿಗೆಗಿದ್ದದ್ದು ಈಗ ತಿಳಿದಂತೆ.

ಹಾಡು ಮುಗಿದ ಮೇಲೆ ಮಾಮ ಪಂಚೆಯ ತುದಿಯಿಂದ ಮುಖ ಒರೆಸಿಕೊಂಡು, “ಬತ್ತೀನಿ,” ಎಂದು ಎದ್ದ.

“ಎಲ್ಲಿಗೆ?” ಎಂದರು ಕಣ್ಣಮ್ಮಾಳ್. ಅವರ ಕೈಯಲ್ಲಿ ಮೊದಲ ತಟ್ಟೆ ಹಾಗೇ ಇತ್ತು. “ಏ ವಿಘ್ನೇಶಾ, ಇದು ನನ್ ಕೈಗೆ ಬಂದದಾ ಇಲ್ವಾ?”

“ಅಮ್ಮಾ, ಅದು ಏನೋ ತಪ್ಪಿ...”

“ತಪ್ಪೋ ಸರಿಯೋ, ಬಂದದಾ ಇಲ್ವಾ? ಬಂದ ತಟ್ಟಿಗೆ ಎದುರು ತಟ್ಟು ಹೋಗ್ಬೇಕಾ ಬ್ಯಾಡ್ವಾ? ನೀನೇ ಬೆಳಗಾದ್ರೆ ಬಡ್ಕೊಳ್ತೀಯಲ್ಲ, ತಟ್ಟಿಗೆ ತಟ್ಟು, ತಟ್ಟಿಗೆ ತಟ್ಟು ಅಂತ. ಇದೇನು, ತಟ್ಟಲ್ಲದೆ ಮೊರವಾ?”

ವಿಘ್ನೇಶ್ವರನ್ ಒಂಬತ್ತು ಹಿತ್ತಾಳೆ ತಟ್ಟೆಗಳನ್ನು ನೋಡಿದರು. ವ್ರತದಲ್ಲಿ ಯಾವ ತಟ್ಟು ಎಂದು ಅವರು ಎಲ್ಲಿಯೂ ಹೇಳಿರಲಿಲ್ಲ.

“ಎದುರು ತಟ್ಟಿಗೆ ಏನು ಇಡೋದಮ್ಮಾ?” ಎಂದರು ಸಣ್ಣ ದನಿಯಲ್ಲಿ.

“ಈ ಮನೇಲಿ ನಾನೊಬ್ಳು ಬಿಟ್ರೆ ಇರೋ ಪೊಣ್ಣು ಇನ್ಯಾರು? ದಿನಾ ಸಾಯಂಕಾಲ ನೀನು ಮೂರು ಸಲ ಕರ್ಸೋದು ಯಾರ್ನ? ಅವಳ್ನ ಇಡು. ಹುಟ್ಟಿದ ಮನೆಯವ್ರು ಕೇಳ್ಕೊಂಡು ಬಂದವ್ರೆ. ಗೋಡೆಗೆ ಮೊಳೆ ಹೊಡ್ಯೋ ಮನೆಗಾ ಪೊಣ್ಣು ಕೊಡೋದು?”

ಬೆಳ್ಳಿಯ ತಟ್ಟೆ ಬಂತು. ಅದರಲ್ಲಿ ವೀಳ್ಯ, ಎರಡು ನಿಂಬೆಹಣ್ಣು, ಅರಿಶಿನದ ಕೊಂಬು. ನಡುವೆ ಕವರಿನಲ್ಲಿ ಆ ತಟ್ಟು. ಕಣ್ಣಮ್ಮಾಳ್ ಕವರಿನ ಮೂಲೆಗೆ ಕುಂಕುಮ ಇಟ್ಟರು. ರಂಗಮ್ಮಾಳ್, ಈ ಕೆಲಸಕ್ಕೇ ತಾನು ವೇದಸಂದೂರಿನಿಂದ ಬಂದದ್ದು ಎಂಬಂತೆ, ಸೆರಗು ಹೊದ್ದು ಮುಂದೆ ಬಂದು ಎರಡೂ ಕೈಯಲ್ಲಿ ತೆಗೆದುಕೊಂಡಳು. ಹಿಂದಿನಿಂದ ಯಾರೋ ನಾಲಿಗೆ ಹೊರಳಿಸಿ ಮಂಗಳದ ಕುಲವೆ ಹಾಕಿದರು. ನೋಡಿದರೆ ಹೂವಿನ ಬೀದಿಯ ಹೆಂಗಸರೆಲ್ಲ ಬಾಗಿಲಲ್ಲಿ ನಿಂತಿದ್ದರು.

ಒಂಬತ್ತು ತಟ್ಟೆಯ ಹಣ್ಣು ಬೀದಿಗೆ ಹಂಚಿಹೋಯಿತು. ರೇಷ್ಮೆ ಸೀರೆ ಎರಡೂ ಕಣ್ಣಮ್ಮಾಳ್‌ಗೆ. ಮನೋಜ ಅಷ್ಟರಲ್ಲಿ ಹಿತ್ತಲಿಗೆ ಹೋಗಿ ಅವರ ಹಸುವಿನ ಕೆಚ್ಚಲು ನೋಡಿ ಬಂದಿದ್ದ.

ವಿಘ್ನೇಶ್ವರನ್ ವ್ಯಾನಿನವರೆಗೂ ಬಂದರು. ಕಣ್ಣು ಕೆಂಪಾಗಿತ್ತು. “ಬಿಸ್ಲಿಗೆ ಇಡ್ಬ್ಯಾಡಿ. ಮೇಲೆ ಭಾರ ಹೊರಿಸ್ಬ್ಯಾಡಿ. ಒರೆಸೋವಾಗ ಸುತ್ತುಸುತ್ತಾಗಿ, ಮೆತ್ತಗೆ. ಕೋಪದಾಗೆ ಮುಟ್ಲೇಬ್ಯಾಡಿ,” ಎಂದರು.

“ಕಣ್ಣಿನಂಗೆ ನೋಡ್ಕೊಳ್ತೀನಿ,” ಎಂದ ಮಾಮ.

“ಆವಾಗಾವಾಗ... ಒಂದ್ಸಲ ಕಳುಸ್ತೀರಾ?”

ಉತ್ತರ ಹಿಂದಿನ ಸೀಟಿನಿಂದ ಬಂತು. “ಮದುವೆ ಆದ ಮೊದಲ್ನೇ ಹಬ್ಬ, ತಲೆದೀಪಾವಳಿಗೆ ನಾನೇ ಕರ್ಕೊಂಡ್ ಬತ್ತೀನಿ ಸಂಬಂಧೀ,” ಎಂದಳು ರಂಗಮ್ಮಾಳ್.

ಊರು ದಾಟುವಾಗ ನಾನು ಕನ್ನಡಿಯಲ್ಲಿ ನೋಡಿದೆ. ಬೆಳ್ಳಿ ತಟ್ಟೆ ಪಾಂಡೀಶ್ವರಿಯ ಮಡಿಲಲ್ಲಿತ್ತು. ಕಿಟಕಿಯ ಬಿಸಿಲು ಬೀಳದಂತೆ ಮದುವೆಯ ಸೀರೆಯ ಸೆರಗನ್ನು ಮೇಲೆ ಹೊದಿಸಿದ್ದಳು. ವತ್ತಲಗುಂಡಿನ ಹತ್ತಿರ ರಸ್ತೆ ಉಬ್ಬು ಬಂತು. ನಾನು ಬ್ರೇಕು ತುಳಿಯುವ ಮೊದಲೇ ಅವಳು ತಟ್ಟೆಯನ್ನು ಎರಡೂ ಕೈಯಲ್ಲಿ ಮಡಿಲಿನಿಂದ ಮೇಲೆತ್ತಿ ಹಿಡಿದಳು. ಹಿಂದಿನ ಚಕ್ರವೂ ದಾಟಿ ವ್ಯಾನು ಸಮವಾದ ಮೇಲೆ ಮೆಲ್ಲಗೆ ಇಳಿಸಿಕೊಂಡಳು.